ಕೈಯಲ್ಲಿ ಹಿಡಿದ ಬೂಟು

ರಾಯಚೂರು ಸ್ಟೇಷನ್ನಿನಲ್ಲಿ ಮುಂಬೈ ರೈಲಿನ ಜೊತೆಗೇ ಹೊರಟು, ಬರಿಗಾಲಲ್ಲಿ ಓಡಿ, ಅದಕ್ಕಿಂತ ಮೊದಲು ಯಾದಗಿರಿ ಮುಟ್ಟಿ, ಒಂದು ಕಪ್ ಚಹಾ ಕುಡಿದು, ಬಾಯಿ ಒರೆಸಿಕೊಂಡು ಆ ರೈಲಿಗೆ ಕೈ ಬೀಸಿದವನು ನಾನು. ಡ್ರೈವರ್ ಕೆಳಗಿಳಿದು ಬಂದು ನನ್ನ ಕಾಲು ಮುಟ್ಟಿ ನೋಡಿದ. ನಡುವೆ ಕೃಷ್ಣಾ ನದಿ ಇದೆಯಲ್ಲ ಎಂದು ಕೇಳುವ ಬುದ್ಧಿವಂತರಿಗೆ ಹೇಳುತ್ತೇನೆ: ನದಿಯ ತುಂಬ ಮೊಸಳೆಗಳು ಸಾಲಾಗಿ ಮಲಗಿದ್ದವು, ಅವುಗಳ ಬೆನ್ನ ಮೇಲೆ ಹೆಜ್ಜೆ ಇಟ್ಟು ದಾಟಿದೆ. ನನ್ನ ಓಟದ ಗಾಳಿಗೆ ಶಕ್ತಿನಗರದ ಚಿಮಣಿಯ ಹೊಗೆ ಮೂರು ದಿನ ತಿರುಗಿ ಚಿಮಣಿಯೊಳಗೇ ಹೋಗುತ್ತಿತ್ತು.

ನಂಬದಿದ್ದರೆ ಬಿಡಿ. ವಿಶಾಖಾ ನಂಬುತ್ತಿದ್ದಳು. ನಂಬಿದಂತೆ ಮುಖ ಮಾಡುತ್ತಿದ್ದಳು, ನನಗೆ ಎರಡೂ ಒಂದೇ.

ನಾನು ಹಂಪಯ್ಯ. ದೇವದುರ್ಗದಿಂದ ಅರಕೇರಾಕ್ಕೆ ಹೋಗುವ ದಾರಿಯ ಒಂದೂರಿನ ಕೇರಿಯವನು. ಧಣಿಯ ಭತ್ತದ ಗದ್ದೆಗೆ ಕಾಲುವೆಯ ನೀರು ಹಾಯಿಸುವುದು ನನ್ನ ಕೆಲಸ. ಸರದಿ ಬಂದ ದಿನ ಬೆಳಕು ಹರಿಯುವ ಮೊದಲೇ ಹೋಗಿ ತೂಬು ಎತ್ತಬೇಕು. ವಿಶಾಖಾ ನಮ್ಮ ಕೇರಿಯ ಮಾನಮ್ಮನ ಒಬ್ಬಳೇ ಮಗಳು. ರಾಯಚೂರಿನ ಕಾಲೇಜಿನಲ್ಲಿ ಓದುತ್ತ, ಐದು ಸಾವಿರ ಮೀಟರ್ ಓಡುತ್ತಿದ್ದಳು. ಊರಿಗೆ ಬಂದಾಗ ಕಾಲುವೆಯ ಏರಿಯ ಮೇಲೆ ಅವಳ ಓಟ, ಕೆಳಗೆ ಗದ್ದೆಯಲ್ಲಿ ನನ್ನ ಸಲಿಕೆ. ಅವಳಿಗೆ ಓಟ ಕಲಿಸಿದವನೂ ನಾನೇ. ಅವಳು ಹುಟ್ಟುವ ಎರಡು ವರ್ಷ ಮೊದಲೇ ಶುರು ಮಾಡಿದ್ದೆ.

"ಮಾವಾ, ಮೊಸಳಿ ಎಷ್ಟಿದ್ದವು?" ಏರಿಯ ಮೇಲೆ ನಿಂತಲ್ಲೇ ಕುಣಿಯುತ್ತ ಕೇಳುತ್ತಿದ್ದಳು.

"ಹದಿನೆಂಟು."

"ಹ್ವಾದ ವಾರ ಹನ್ನೆರಡು ಅಂದಿದ್ದಿ."

"ಆರು ಮರಿ ಹಾಕ್ಯಾವ."

ನಗುತ್ತಲೇ ಹೊರಟುಬಿಡುತ್ತಿದ್ದಳು. ನಗುತ್ತ ಓಡಿದರೆ ಉಸಿರು ಕೆಡುತ್ತದೆ ಎಂದು ನಾನು ಹಿಂದಿನಿಂದ ಬೈಯುತ್ತಿದ್ದೆ.

ಇನ್ನೊಂದು ಮಾತು. ನಮ್ಮ ಕೇರಿಯಿಂದ ಕಾಲುವೆಗೆ ಹೋಗುವ ದಾರಿ ಧಣಿಯ ಮನೆಯ ಮುಂದೆಯೇ ಹಾಯುತ್ತದೆ. ಅಲ್ಲಿಗೆ ಬಂದಾಗ ಕೇರಿಯವರ ಚಪ್ಪಲಿ ಕಾಲಿನಿಂದ ಕೈಗೆ ಬರುತ್ತವೆ. ಯಾರೂ ಬೋರ್ಡು ಹಾಕಿಲ್ಲ. ನನ್ನ ಚಪ್ಪಲಿಯ ಭಾರಕ್ಕೆ ಪಾಪ ಅವರ ಹಾಸುಗಲ್ಲು ಒಡೆದೀತು ಎಂಬ ಕರುಣೆಯಿಂದ ನಾನು ತೆಗೆಯುತ್ತೇನೆ. ನಮ್ಮಪ್ಪನಿಗೂ ಇದೇ ಕರುಣೆ ಇತ್ತು.

ಜನವರಿಯ ಒಂದು ಬುಧವಾರ ಮುಂಜಾನೆ ಓಡಲು ಹೋದ ವಿಶಾಖಾ ತಿರುಗಿ ಬರಲಿಲ್ಲ. ಮುಂದಿನ ಭಾನುವಾರ ರಾಯಚೂರಿನಲ್ಲಿ ಅವಳ ಆಯ್ಕೆಯ ಓಟವಿತ್ತು.

ಎರಡೇ ದಿನದಲ್ಲಿ ನಮ್ಮೂರು ದಿಲ್ಲಿಗಿಂತ ದೊಡ್ಡದಾಯಿತು. ಹೊಲಕ್ಕೆ ಹೋಗುವ ದಾರಿ ಗೊತ್ತಿಲ್ಲದವರೂ ಮೊಬೈಲಿನಲ್ಲಿ ನಮ್ಮೂರ ನಕ್ಷೆ ಹಾಕಿ ಕೆಂಪು ಬಾಣ ಎಳೆದರು. ಕೊಲೆ ಎಂದರು ಕೆಲವರು. ಕೊಂದದ್ದು ತಾಯಿ ಎಂದರು, ಕೋಚ್ ಎಂದರು, ಮರಳಿನ ಟ್ರ್ಯಾಕ್ಟರ್ ಎಂದರು. ಚಡ್ಡಿ ಹಾಕಿಕೊಂಡು ಊರ ತುಂಬ ಓಡಿದರೆ ಇನ್ನೇನಾಗುತ್ತದೆ ಎಂದು ಒಬ್ಬ ಬರೆದ, ಅದಕ್ಕೆ ಆರುನೂರು ಮಂದಿ ಹೆಬ್ಬೆರಳು ಎತ್ತಿದರು. ಯಾರ ಜೊತೆಗೋ ಹೋಗಿದ್ದಾಳೆ ಬಿಡಿ ಎಂದವರು ಎಲ್ಲರಿಗಿಂತ ಹೆಚ್ಚು. ಕಾರುಗಳಲ್ಲಿ ಬಂದವರು ಕಾಲುವೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು.

ಮಾನಮ್ಮ ಕೇಳುತ್ತಿದ್ದದ್ದು ಒಂದೇ: ಕಾಲುವೆಯ ನೀರು ನಿಲ್ಲಿಸಿ, ತಳ ನೋಡಿ.

ಶನಿವಾರ ಸಣ್ಣ ಧಣಿ, ಅಂದರೆ ಧಣಿಯ ಮಗ, ನನ್ನನ್ನು ಕರೆಸಿದ. ಇಂಥ ದೊಡ್ಡ ವಿಷಯಕ್ಕೆ ನನ್ನ ಸಲಹೆ ಬೇಕೇಬೇಕಲ್ಲ.

"ಹಂಪಯ್ಯಾ, ಬಾ. ಕುಂದ್ರು."

ನಾನು ಹಿಂದೆ ತಿರುಗಿ ನೋಡಿದೆ. ಹುಟ್ಟಿದಾಗಿನಿಂದ ಆ ಮನೆಗೆ ನಾನು ಹಂಪ್ಯಾ. ಬೇರೆ ಯಾವ ಹಂಪಯ್ಯ ಬಂದಿದ್ದಾನೋ ಎಂದು ನೋಡಿದೆ.

"ಕುರ್ಚಿ ಮ್ಯಾಲ ಕುಂದ್ರಪಾ. ಅದೇನು ಕಡೀತದೇನು?"

ನೀಲಿ ಪ್ಲಾಸ್ಟಿಕ್ ಕುರ್ಚಿ. ಕುಳಿತೆ. ಒಳಗಿನಿಂದ ಸ್ಟೀಲ್ ಗ್ಲಾಸಿನಲ್ಲಿ ಚಹಾ ಬಂತು. ನಮ್ಮಪ್ಪ ಆ ಅಂಗಳದಲ್ಲಿ ಐವತ್ತು ವರ್ಷ ನಿಂತಿದ್ದ. ಕುರ್ಚಿಯ ಮೇಲಿಂದ ಅಂಗಳ ಹೇಗೆ ಕಾಣುತ್ತದೆ ಎಂಬುದು ನಮ್ಮ ವಂಶದಲ್ಲಿ ನನಗೇ ಮೊದಲು ಗೊತ್ತಾದದ್ದು.

"ಬುಧವಾರ ಮುಂಜಾನಿ ನೀನು ತೂಬಿನ ಹಂತ್ಯಾಕ ಇದ್ದೆಲ್ಲ?"

"ಇದ್ದೆ ರೀ."

"ಬೈಕಿನ ಹುಡುಗನ್ನ ನೋಡಿದಿ."

ಅದು ಕೇಳಿದ ಮಾತಲ್ಲ, ಹೇಳಿದ ಮಾತು. ನಾನು ಚಹಾ ಗುಟುಕರಿಸಿದೆ. ಸಕ್ಕರೆ ಬಹಳ ಹಾಕಿದ್ದರು.

"ನೋಡಿದೆ ರೀ," ಎಂದೆ. "ಕೆಂಪು ಬೈಕು ರೀ."

ಬಣ್ಣ ನನ್ನದು. ಸಣ್ಣ ಧಣಿ ನನ್ನ ಮುಖವನ್ನೇ ನೋಡಿ ನಕ್ಕ. "ಕತಿ ಹೇಳಾದು ನಿನಗ ಚೊಲೋ ಬರ್ತದ ಅಂತ ಊರು ಹೇಳ್ತದ. ಮಾನ್ವಿಯಿಂದ ಚಾನೆಲ್‌ನವ ಬರಾಕತ್ತಾನ. ಅವನ ಮುಂದನೂ ಹಿಂಗ ಹೇಳು."

ಚಾನೆಲ್ ಎಂದರೆ ಒಂದು ಫೋನು, ಒಂದು ಕೋಲು, ಅಮರೇಶ ಎಂಬ ಮನುಷ್ಯ. 'ಬಿಸಿಲ ಬಾಣ' ಎಂದು ಹೆಸರು. ಅವನ ಫೋನಿನ ಮುಂದೆ ನಾನು ಹೇಳಿದ ಮಾತು ಇಡೀ ಕರ್ನಾಟಕ ನೋಡಿತು, ಮೂರು ಕೋಟಿ ಮಂದಿ, ತೆಲಂಗಾಣ ಬೇರೆ.

"ನಾ ಕಣ್ಣಾರೆ ನೋಡೀನ್ರಿ. ಧಣಿ ಮನಿ ಮುಂದ ಬೂಟು ಕೈಯಾಗ ಹಿಡ್ಕೊಂಡು ಹಾದ್ಲು. ಊರ ಅಗಸಿ ಬಾಗಲಾ ದಾಟಿದ ಮ್ಯಾಲ ಕಾಲಿಗಿ ಹಾಕ್ಕೊಂಡ್ಲು. ಅಲ್ಲಿ ಕೆಂಪು ಬೈಕ್ ಮ್ಯಾಲ ಒಬ್ಬ ಹುಡುಗ ಇದ್ದ, ಕಪ್ಪು ಕನ್ನಡಕ. ಹೈದರಾಬಾದಿಗಿ ಹೋಗಾಮು ನಡಿ ಅಂದ. ನಕ್ಕೋತ ಹತ್ತಿದ್ಲು."

ಕನ್ನಡಕವೂ ನನ್ನದೇ. ಹೈದರಾಬಾದೂ.

ಮಾನಮ್ಮನ ಬಳಿ ವಿಡಿಯೋ ನೋಡುವ ಫೋನಿಲ್ಲ. ಸುದ್ದಿ ಕೇಳಿ ನನ್ನ ಮನೆಗೇ ಬಂದು ನನ್ನ ಎರಡೂ ಕೈ ಹಿಡಿದಳು.

"ಯಣ್ಣಾ, ಖರೇ ನೋಡಿದ್ಯಾ? ಹೋದರ ಹೋಗಲಿ, ಬೈಯಂಗಿಲ್ಲ ನಾನು. ಜೀವಂತ ಅದಾಳಲ್ಲ?"

"ಅದಾಳಬೇ. ನಗಾಕತ್ತಿದ್ಲು."

ಅವಳು ಅತ್ತಳು, ಆಮೇಲೆ ನಕ್ಕಳು. ಮರುದಿನ ಮಗಳ ಫೋಟೋ ಹಿಡಿದು ಹೈದರಾಬಾದ್ ಬಸ್ಸು ಹತ್ತಿದಳು. ನಾಲ್ಕು ದಿನ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಇಳಿಯುವ ಹುಡುಗಿಯರ ಮುಖವನ್ನೆಲ್ಲ ನೋಡಿ, ಜ್ವರ ತಂದುಕೊಂಡು ಬಂದಳು. ಆ ನಾಲ್ಕು ದಿನ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

ಮಾನಮ್ಮ ಠಾಣೆಗೆ ಹೋದರೆ ಸಾಹೇಬ ಬಾಗಿಲಲ್ಲೇ ನಿಲ್ಲಿಸಿದ.

"ನಿಮ್ಮ ಓಣಿ ಮನಿಷ್ಯಾನೇ ನೋಡ್ಯಾನಲ್ಲಬೇ. ಮಗಳನ್ನ ಹದ್ದುಬಸ್ತಿನಾಗ ಇಟ್ಕೊಳ್ಳಾಕ ಬರಂಗಿಲ್ಲ, ಸರಕಾರದ ಟೈಮ್ ಹಾಳು ಮಾಡಾಕ ಬರ್ತೀರಿ."

ಕಾಲುವೆಯ ಸಾಹೇಬನ ಉತ್ತರ ಇನ್ನೂ ಸಣ್ಣದು. "ಓಡಿಹೋದ ಹುಡುಗಿ ಸಲುವಾಗಿ ಸಾವಿರಾರು ಎಕರೆ ಒಣಗಿಸಲೇನು?"

ಮಾನಮ್ಮ ದೇವದುರ್ಗದ ತಾಲೂಕು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತಳು. ಮಗಳ ಫೋಟೋ ಪಕ್ಕಕ್ಕಿಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ.

ಇತ್ತ ನಾನು ಸಣ್ಣ ಧಣಿಯ ಅಂಗಳಕ್ಕೆ ಹೋದೆ. ಕುರ್ಚಿ ಅಲ್ಲೇ ಇತ್ತು. ನನ್ನದೇ ಕುರ್ಚಿ ಎನ್ನುವಂತೆ ಕುಳಿತೆ.

ಸಣ್ಣ ಧಣಿ ಫೋನಿನಲ್ಲಿದ್ದ. ಮಾತು ನಿಲ್ಲಿಸದೆ ಬಂದು ಕುರ್ಚಿಯ ಕಾಲಿಗೆ ಒದ್ದ. ನಾನು ಹಾಸುಗಲ್ಲಿನ ಮೇಲೆ ಬಿದ್ದೆ.

"ಕೆಲಸ ಮುಗೀತಲ್ಲಲೇ ಹಂಪ್ಯಾ. ಕೆಳಗ ಕುಂದ್ರು, ಸೂಳೆಮಗನ."

ನಮ್ಮ ಕೇರಿಯ ಹೆಂಗಸರು ಸೆಗಣಿ ಬುಟ್ಟಿ ಹೊತ್ತು ಹಾಯುತ್ತಿದ್ದರು. ಯಾರೂ ನಗಲಿಲ್ಲ. ಅವತ್ತು ನಾನು ಅಂಗಳದಲ್ಲಿ ಹುಲಿಯಂತೆ ಗರ್ಜಿಸಿ ಎದ್ದೆ ಎಂದು ಊರಲ್ಲಿ ಹೇಳಿದೆ. ಎದ್ದದ್ದು ನಿಜ, ಅವನು ಒಳಗೆ ಹೋದ ಮೇಲೆ. ಚಪ್ಪಲಿ ಕೈಯಲ್ಲೇ ಇದ್ದವು.

ಹತ್ತೊಂಬತ್ತನೆಯ ದಿನ ಅಮರೇಶ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬೇವಿನ ಗಿಡದ ಬಳಿಗೆ ಕರೆತಂದ. ತಾಯಿ ಮತ್ತು ಸಾಕ್ಷಿ ಎದುರು ಬದುರು, ನೇರ ಪ್ರಸಾರ.

"ಹೊಸದೇನರ ಹೇಳು ಯಣ್ಣಾ," ಎಂದು ದಾರಿಯಲ್ಲಿ ಹೇಳಿದ್ದ. "ಮಂದಿಗಿ ಬೋರ್ ಆಗ್ಯಾದ. ಹುಡುಗನ ಕೈ ಮ್ಯಾಲ ಹಚ್ಚಿ ಇತ್ತು ಅನ್ನು, ಹಂಗ ಏನರ."

ಗಿಡದ ಕೆಳಗೆ ಮಾನಮ್ಮನ ಪಕ್ಕದಲ್ಲಿ ಇನ್ನೊಬ್ಬ ಹುಡುಗಿ ಇದ್ದಳು. ನಿಗಾರ್, ರಾಯಚೂರಿನವಳು, ವಿಶಾಖಾಳ ಜೊತೆಗೇ ಓಡುವವಳು. ವಿಶಾಖಾಳ ಬೂಟು ಅವಳು ಕೊಟ್ಟದ್ದು. ಅವಳ ಕೈಯಲ್ಲಿಯೂ ಫೋನು, ಅದರಲ್ಲಿ ನಾನು.

ಅಮರೇಶ ಕೋಲು ನೆಟ್ಟ. ನಾನು ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ. ಕೈಮೇಲಿನ ಹಚ್ಚೆಯಲ್ಲಿ ಹಾವು ಇರಬೇಕೋ ಚೇಳು ಇರಬೇಕೋ ಎಂದು ಯೋಚಿಸುತ್ತಿದ್ದೆ.

"ಚಾಚಾ, ನಿಮ್ಮ ವಿಡಿಯೋ ನಲವತ್ತು ಸಾವಿರ ಮಂದಿ ನೋಡ್ಯಾರ," ಎಂದಳು ನಿಗಾರ್.

"ಮೂರು ಕೋಟಿ," ಎಂದೆ.

"ನಲವತ್ತು ಸಾವಿರ. ಅದರಾಗ ಐವತ್ತು ಸಲ ನಾನೇ ನೋಡೀನಿ. ಮಾನಮ್ಮಗ ನಿನ್ನೆ ತೋರಿಸಿದೆ."

ಮಾನಮ್ಮ ನನ್ನ ಕಡೆ ನೋಡಲಿಲ್ಲ. ನನ್ನ ಕಾಲುಗಳ ಕಡೆ ನೋಡಿದಳು. ಧ್ವನಿ ಏರಿಸದೆ ಕೇಳಿದಳು.

"ಯಣ್ಣಾ, ಧಣಿ ಮನಿ ಮುಂದ ನನ ಮಗಳ ಬೂಟು ಎಲ್ಲಿದ್ದವು?"

"ಕೈಯಾಗಬೇ. ಮತ್ತೆಲ್ಲಿ ಇರ್ತಾವ?"

"ಕಣ್ಣಾರೆ ನೋಡಿದಿ?"

"ಈ ಎರಡು ಕಣ್ಣಾರೆ."

"ಯುಗಾದಿಯಿಂದ ಆಕಿ ಆ ಮನಿ ಮುಂದ ಬೂಟು ಕಳದಿಲ್ಲ," ಎಂದಳು ಮಾನಮ್ಮ. "ಒಂದು ದಿನನೂ ಕಳದಿಲ್ಲ. ಸಣ್ಣ ಧಣಿ ತಡದು ಕೇಳಿದ್ನಂತ, ಬೂಟು ಕೈಯಾಗ ಚಂದ ಕಾಣ್ತಾವಲ್ಲೇನಲೇ ಅಂತ. ಆಕಿ ಅಲ್ಲೇ, ಅವನ ಹಾಸುಗಲ್ಲಿನ ಮ್ಯಾಲ ಕಾಲಿಟ್ಟು, ಲೇಸು ಬಿಗಿ ಮಾಡ್ಕೊಂಡು ಹೋದ್ಲು. ಕಾಲು ಕಡೀತೀನಿ ಹಡಬಿ ಅಂದಿದ್ದ ಅವ. ನನಗ ಹೇಳಿದ್ಲು, ಈಕಿಗಿ ಹೇಳಿದ್ಲು. ಮಂದಿಗಿ ಹೇಳಬ್ಯಾಡ, ನಿನ್ನ ಕೂಲಿ ಕೆಲಸ ಹೋಗ್ತದ ಅಂತ ನನಗೇ ಆಣಿ ಹಾಕಿದ್ಲು."

ಕತ್ತಲಿರುವಾಗಲೇ ಗದ್ದೆಗೆ ಹೋಗುವ ನಾನು ಅವಳು ಆ ಮನೆಯ ಮುಂದೆ ಹಾಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಬೈಕು, ಕನ್ನಡಕ, ಹೈದರಾಬಾದು ಎಲ್ಲವನ್ನೂ ಯೋಚಿಸಿ ಕಟ್ಟಿದ್ದೆ. ಬೂಟನ್ನು ಯೋಚಿಸಿರಲೇ ಇಲ್ಲ. ಅದು ತಾನಾಗಿಯೇ ಕೈಗೆ ಬಂದಿತ್ತು. ನಮ್ಮ ಕೇರಿಯ ಒಂದು ಜೊತೆ ಕಾಲು ಆ ಮನೆಯ ಮುಂದೆ ಬೇರೆ ರೀತಿ ಹಾದೀತು ಎಂಬುದು, ಮೊಸಳೆಯ ಬೆನ್ನ ಮೇಲೆ ನದಿ ದಾಟಿಸಿದ ನನ್ನ ತಲೆಗೆ ಹೊಳೆದಿರಲಿಲ್ಲ.

"ಯಣ್ಣಾ," ಎಂದಳು ಅಮರೇಶನಿಗೆ ನಿಗಾರ್, "ಲೈವ್ ಬಂದ್ ಮಾಡಬ್ಯಾಡ್ರಿ."

ಅಮರೇಶ ಆಗಲೇ ಕೋಲಿನಿಂದ ತನ್ನ ಫೋನು ಕಿತ್ತುಕೊಂಡಿದ್ದ. ಅದಕ್ಕೆ ಸಣ್ಣ ಧಣಿಯ ಕರೆ ಬರುತ್ತಿತ್ತು. ನಿಗಾರ್ ತನ್ನ ಫೋನು ಎತ್ತಿ ನನ್ನ ಮುಖಕ್ಕೆ ಹಿಡಿದಳು.

"ಹತ್ತೊಂಬತ್ತು ದಿನ," ಎಂದಳು ಮಾನಮ್ಮ. "ನನ್ನ ಹೈದರಾಬಾದಿಗಿ ಕಳಿಸಿದಿ. ಆಕಿ ನಿನಗ ಮಾವ ಅಂತಿದ್ಲು. ಈಗ ಹೇಳು, ಏನು ನೋಡಿದಿ?"

ಹಚ್ಚೆಯ ಚೇಳು, ಹಾವು ಎಲ್ಲ ನನ್ನ ಬಾಯಿಯವರೆಗೆ ಬಂದಿದ್ದವು. ನುಂಗಿದೆ.

"ಬೈಕ್ ಇದ್ದಿದ್ದಿಲ್ಲಬೇ," ಎಂದೆ. "ಆರನೇ ತೂಬಿನ ಕೆಳಗ ಗದ್ದ್ಯಾಗ ಇದ್ದೆ ನಾನು. ಆಕಿ ಏರಿ ಮ್ಯಾಲ ಓಡಾಕತ್ತಿದ್ಲು. ಸಣ್ಣ ಧಣಿ ಬಿಳಿ ಜೀಪು ಹಿಂದ ಬಂತು. ಮುಂದ ಹೋಗಿ ಅಡ್ಡ ನಿಂತಿತು. ಇಬ್ಬರು ಇಳದ್ರು, ಒಬ್ಬ ಅವನೇ. ಆಕಿ ನನ್ನ ನೋಡಿದ್ಲು. ಹಂಪಯ್ಯ ಮಾವಾ ಅಂತ ಕೂಗಿದ್ಲು."

"ನೀನು?"

"ಎರಡು ಸಲ ಕೂಗಿದ್ಲು. ಮೊದಲನೇ ಸಲಕ್ಕ ತಲಿ ಎತ್ತಿದೆ. ಎರಡನೇ ಸಲಕ್ಕ ಕೆಸರಿನಾಗ ಮಕ್ಕೊಂಡೆ. ಭತ್ತ ಮಣಕಾಲೆತ್ತರ ಇತ್ತು, ಮುಚ್ಚಿತು. ಬೂಟು ಕಾಲಾಗೇ ಇದ್ದವಬೇ. ಏರಿ ಮ್ಯಾಲ ಅವು ತಿಕ್ಕ್ಯಾಡೋ ಸಪ್ಪಳ ಕೇಳಿಸ್ತು. ಆಮ್ಯಾಲ ನೀರಿನ ಸಪ್ಪಳ, ಒಂದೇ ಸಲ. ಜೀಪು ಹೋದ ಮ್ಯಾಲ ಎದ್ದು ತೂಬು ಎತ್ತಿದೆ, ಗದ್ದಿಗಿ ನೀರು ಬಿಟ್ಟೆ. ಅವತ್ತು ಪಾಳಿ ನಮ್ಮದಿತ್ತು."

ಕಚೇರಿಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡಿದ್ದವು. ಮಾನಮ್ಮ ಮಗಳ ಫೋಟೋ ಎತ್ತಿ ಬೋರಲು ಮಾಡಿ ಮಡಿಲಲ್ಲಿಟ್ಟುಕೊಂಡಳು. ನಾನು ಹೇಳುವುದನ್ನು ಮಗಳು ಕೇಳಬಾರದು ಎನ್ನುವಂತೆ.

"ನೀರು ನಿಲ್ಲಿಸ್ರಿ," ಎಂದೆ ನಿಗಾರ್‌ಳ ಫೋನಿಗೆ. "ಆರನೇ ತೂಬಿನಿಂದ ಕೆಳಗ ನೋಡ್ರಿ."

"ಎಷ್ಟು ದೂರ ಇತ್ತು?" ಮಾನಮ್ಮ ಕೇಳಿದಳು.

ನನಗೆ ಅರ್ಥವಾಗಲಿಲ್ಲ.

"ನೀನು ಮಕ್ಕೊಂಡಲ್ಲಿಂದ ಆಕಿ ನಿಂತಲ್ಲಿಗಿ. ಎಷ್ಟು ದೂರ?"

ರಾಯಚೂರಿನಿಂದ ಯಾದಗಿರಿಗೆ ಎಷ್ಟು ದೂರ ಎಂದು ಕೇಳಿದ್ದರೆ ನನ್ನ ಬಳಿ ಉತ್ತರವಿತ್ತು.

"ಇಪ್ಪತ್ತು ಮಾರುಬೇ," ಎಂದೆ. "ಓಡಲಿಲ್ಲ ನಾನು."