ಎಡಗೈ ಎತ್ತಿದವಳು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವಳಿಗೆ ಮುಖಪುಟವಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಗಾದೆ ಸುಳ್ಳಾದರೂ ಈ ಕಥೆ ಮಾತ್ರ ನಿಜ.

"ನೀನು ಬೇಡ ಕಣೇ," ಎಂದಳು ಸಂಪಾದಕಿ, ತುಟಿಯ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ. "ಒಂದು ಗಳಿಗೆ ನೆಟ್ಟಗೆ ನಿಲ್ಲೋಕಾಗಲ್ಲ ನಿನಗೆ. ಯಾವ ಫೋಟೋ ನೋಡಿದ್ರೂ ಬಾಯಿ ತೆರೆದೇ ಇದೆ."

"ಬಾಯಿ ತೆರೆದೇ ಇದೆ," ಎಂದಳು ಗಿಳಿ, ಪಿನ್ನು ಕಚ್ಚಿದ ಅದೇ ಧ್ವನಿಯಲ್ಲಿ. ಯಾರ ದನಿಯನ್ನಾದರೂ ಹಾಗೇ ಆಡಿ ತೋರಿಸುತ್ತಿದ್ದುದಕ್ಕೇ ಅವಳಿಗೆ ಆ ಹೆಸರು. ಫೋಟೋದವನು ನಕ್ಕ. ಪುಟ ಕಟ್ಟುವವನೂ ನಕ್ಕ. ಸಿಕ್ಕಿದ ಮುಖದ ಸುಕ್ಕನ್ನೆಲ್ಲ ಕಂಪ್ಯೂಟರಿನಲ್ಲಿ ತೀಡಿ ಹಾಕುತ್ತಿದ್ದುದರಿಂದ ಅವನಿಗೆ ಇಸ್ತ್ರಿ ಎಂದು ಹೆಸರು. ಸಂಪಾದಕಿ ನಗಲಿಲ್ಲ.

ಕಾಲೇಜಿನ ಫ್ಯಾಷನ್ ಪತ್ರಿಕೆಯ ಆ ಸಂಚಿಕೆಗೆ ಇದ್ದ ಯೋಜನೆ ಇಷ್ಟು: ಮುಚ್ಚಿಹೋದ ಬಟ್ಟೆ ಅಂಗಡಿಯ ಗೊಂಬೆಗಳಿಗೆಲ್ಲ ಒಂದೇ ಬಗೆಯ ಬಿಳಿ ಕೋಟು, ಅವುಗಳ ನಡುವೆ ಜೀವಂತ ಹುಡುಗಿಯೊಬ್ಬಳು. ಆ ಹುಡುಗಿ ಗಿಳಿ ಎಂದು ತೀರ್ಮಾನವಾಗಿತ್ತು. ಅವಳ ಅಮ್ಮ ಅದನ್ನು ಚಿಕ್ಕಮ್ಮನಿಗೆ, ಎದುರುಮನೆಯವರಿಗೆ, ಕೊನೆಗೆ ಬಾಯಿ ತೆರೆದು ಕೂತಿದ್ದಾಗ ಹಲ್ಲಿನ ಡಾಕ್ಟರಿಗೂ ಹೇಳಿ ಮುಗಿಸಿದ್ದಳು.

"ಬರೀ ಗೊಂಬೆ ಸಾಕು," ಎಂದಳು ಸಂಪಾದಕಿ. "ನಿಂತಲ್ಲಿ ನಿಲ್ತವೆ, ಕೊಟ್ಟಿದ್ದು ಉಡ್ತವೆ, ಎದುರು ಮಾತಾಡಲ್ಲ."

ಗಿಳಿಯ ತಲೆಗೆ ಹುಳ ಹೊಕ್ಕಿದ್ದು ಆಗಲೇ. ತಾನೂ ಗೊಂಬೆಯಾಗಿ ನಿಲ್ಲಬೇಕು. ಕ್ಯಾಮೆರಾ ಕಣ್ಣು ಬಿಟ್ಟ ಹೊತ್ತಿಗೆ ಗೊಂಬೆಯ ಬಾಯಿಂದ ಸಂಪಾದಕಿಯದೇ ದನಿ ಹೊರಡಬೇಕು. ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡಲಿ. ಮಾರನೆಯ ದಿನದಿಂದ ತಾನಿಲ್ಲದೆ ಪತ್ರಿಕೆ ತರುವ ಮಾತನ್ನು ಯಾರು ಆಡುತ್ತಾರೋ ನೋಡೋಣ.

ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಅಂಗಡಿ ಹೊಕ್ಕಳು. ಗಾಜಿನ ಆಚೆ ಬೀದಿ, ಈಚೆ ಗೊಂಬೆಗಳು. ಬಿಳಿ ಬೋಳು ತಲೆ, ಕಣ್ಣಿನ ಜಾಗದಲ್ಲಿ ಬರೀ ತಗ್ಗು. ಒಂದನ್ನು ಮೆಲ್ಲನೆ ಎತ್ತಿ ಪರದೆಯ ಹಿಂದೆ ಮಲಗಿಸಿ ಅದರ ಕೋಟು ತೊಟ್ಟಳು. ಬಿಳಿಯ ಉದ್ದ ಕಾಲುಚೀಲವನ್ನು ತಲೆಯಿಂದ ಕುತ್ತಿಗೆಯವರೆಗೆ ಎಳೆದುಕೊಂಡಳು, ಬಿಳಿ ಕೈಗವಸು ಹಾಕಿದಳು, ಎಡಗೈ ಎತ್ತಿ ನಿಂತಳು.

ಫೋಟೋದವನು ಸಿಳ್ಳೆ ಹಾಕುತ್ತ ಬಂದ. ಮುಂದೆ ಬಿಗಿಯಾಗಿ ಕಾಣಲೆಂದು ದೊಗಲೆ ಬಟ್ಟೆಯನ್ನು ಬೆನ್ನ ಹಿಂದೆ ಎಳೆದು ಕ್ಲಿಪ್ಪು ಹಾಕುವುದು ಅವರ ಪದ್ಧತಿ. ಅವಳ ಬೆನ್ನಿಗೂ ಹಾಕಿದ. ಒಂದು ಕ್ಲಿಪ್ಪು ಚರ್ಮವನ್ನೂ ಸೇರಿಸಿ ಕಚ್ಚಿತು. ಅವಳು ಉಸಿರೆತ್ತಲಿಲ್ಲ. ಗಲ್ಲಕ್ಕೆ ಬೆರಳು ಕೊಟ್ಟು ಮುಖವನ್ನು ಬೆಳಕಿನತ್ತ ತಿರುಗಿಸಿದ. ಅವನ ಕಣ್ಣು ಅವಳ ಮುಖದ ಮೇಲೆ, ಗೋಡೆಯ ಮೇಲೆ ಹಾಯುವಂತೆ, ಹಾದುಹೋಯಿತು.

"ಈ ಕೈ ಚೆನ್ನಾಗಿದೆ ಕಣೋ," ಎಂದ ಇಸ್ತ್ರಿಗೆ. "ಎಲ್ಲಕ್ಕೂ ಹಿಂಗೇ ಎತ್ತಿಸು."

ಒಂದೊಂದಾಗಿ ಗೊಂಬೆಗಳ ಎಡಗೈಗಳು ಕಿರುಗುಟ್ಟುತ್ತ ಮೇಲೆದ್ದವು.

"ಗಿಳಿ ಎಲ್ಲಿ?" ಸಂಪಾದಕಿಯ ದನಿ.

"ಮುನಿಸ್ಕೊಂಡು ಮನೆಗೆ ಹೋಗಿರ್ತಾಳೆ ಬಿಡು," ಎಂದ ಇಸ್ತ್ರಿ.

"ಅವಳಿಲ್ದಿದ್ರೆ ಎಷ್ಟು ಹಾಯಾಗಿದೆ ಅಲ್ವಾ?"

ಇದೇ ಸಮಯ. ಮಾತು ಗಂಟಲಿಗೆ ಬಂತು. ಬಂದು ಅಲ್ಲೇ ಕೂತಿತು. ಈಗ ಬೇಡ, ಅಚ್ಚಾಗಲಿ, ಆಮೇಲೆ ಇವರ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡಳು. ಹಾಗೆಂದುಕೊಂಡದ್ದು ಮಾತು ಹೊರಡದೇ ಹೋದ ಮೇಲೆ ಎಂಬುದು ಅವಳಿಗೇ ಗೊತ್ತಿತ್ತು.

ಫೋಟೋ ತೆಗೆದು ಮುಗಿಸಿ ಅವರು ಹೊರಗೆ ಹೋದ ಮೇಲೆ ಕೈ ಇಳಿಸಲು ನೋಡಿದಳು. ಇಳಿಯಲಿಲ್ಲ. ಬಲಗೈಯಿಂದ ಹಿಡಿದು ಎಳೆದು ಇಳಿಸಬೇಕಾಯಿತು. ಅಷ್ಟು ಕೈಗಳು ಎತ್ತಿಯೇ ಇದ್ದಾಗ ತನ್ನದೊಂದೇ ಕೆಳಗಿಳಿದದ್ದಕ್ಕೆ, ಯಾಕೋ, ತಪ್ಪು ಮಾಡಿದಂತೆ ನಾಚಿಕೆಯಾಯಿತು. ಪರದೆಯ ಹಿಂದಿನ ಗೊಂಬೆಗೆ ಕೋಟು ತೊಡಿಸಿ, ಅದರ ಜಾಗಕ್ಕೆ ತಂದು ನಿಲ್ಲಿಸಿ, ಬೆನ್ನು ಕೊಡದೆ ಹಿಂದುಹಿಂದಕ್ಕೆ ನಡೆದು ಹೊರಬಿದ್ದಳು.

ಪತ್ರಿಕೆ ಅಚ್ಚಾಗಿ ಬಂದ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಮುಗಿಬಿದ್ದರು. ನಡುಪುಟಗಳಲ್ಲಿ ಬಿಳಿ ಕೋಟುಗಳ ಸಾಲು.

"ಹುಡುಕ್ರೋ ನೋಡೋಣ," ಎಂದಳು ಗಿಳಿ. "ಇದರಲ್ಲಿ ನಾನಿದ್ದೀನಿ."

"ಬೆಳಗಾದ ಕೂಡಲೇ ಶುರುವಾಯ್ತು ಇವಳದು," ಎಂದ ಇಸ್ತ್ರಿ.

ಗಿಳಿ ಫೋಟೋದವನ ಸಿಳ್ಳೆ ಹಾಕಿದಳು. ಆಮೇಲೆ ಸಂಪಾದಕಿಯ ದನಿಯಲ್ಲೇ, "ಅವಳಿಲ್ದಿದ್ರೆ ಎಷ್ಟು ಹಾಯಾಗಿದೆ ಅಲ್ವಾ?" ಎಂದಳು.

ಯಾರೂ ನಗಲಿಲ್ಲ. ಸಂಪಾದಕಿಯ ಮುಖ ಬಿಳಿಚಿತು. "ಅಲ್ಲೇ ಇದ್ಯೇನೇ? ಯಾವುದು ನೀನು?"

"ಇದು." ಗಿಳಿ ಬೆರಳಿಟ್ಟಳು.

"ಅಲ್ಲ," ಎಂದ ಫೋಟೋದವನು. "ಅದರ ಮಣಿಕಟ್ಟು ತಿರುಗಿಸಿದ್ದು ನಾನು. ಜೋಡಣೆಯ ಗೀರು ನೋಡು."

"ಹಾಗಾದ್ರೆ ಇದು."

"ಕಾಲಿಗೆ ಗೊಂಬೆ ನಿಲ್ಲಿಸೋ ಕಂಬಿ ಇದೆಯಲ್ಲೇ ತಾಯಿ."

"ನಾನು ನಿಂತಿದ್ದು ಕಿಟಕಿ ಪಕ್ಕ!"

"ಪುಟಕ್ಕೆ ಹೊಂದಲಿ ಅಂತ ಕತ್ತರಿಸಿ ಆಚೀಚೆ ಜೋಡಿಸಿದೀನಿ," ಎಂದ ಇಸ್ತ್ರಿ, ತಲೆ ಕೆರೆದುಕೊಳ್ಳುತ್ತ. "ಮೇಲಿಂದ ಎಲ್ಲಕ್ಕೂ ಒಂದೇ ಹದದಲ್ಲಿ ತೀಡಿದೀನಿ. ಒಂದರಲ್ಲಿ ಕತ್ತಿನ ಹತ್ರ ಏನೋ ಸುಕ್ಕಿತ್ತಪ್ಪ. ಕೊಳೆ ಅಂದ್ಕೊಂಡು ಒರೆಸಿದೆ."

"ಮೂಲ ಫೋಟೋ?"

"ಅದರ ಮೇಲೇ ಒರೆಸಿದ್ದು ಕಣೇ."

ನಾಲ್ಕು ತಲೆಗಳು ಪುಟದ ಮೇಲೆ ಬಾಗಿದವು. ಉಳಿದವುಗಳಲ್ಲಿ ಗೀರೂ ಇಲ್ಲ, ಕಂಬಿಯೂ ಇಲ್ಲ, ಗಿಳಿಯೂ ಇಲ್ಲ.

"ಅಮ್ಮ ಮನೇಲಿ ಕನ್ನಡಕ ಒರೆಸ್ಕೊಂಡು ಕೂತಿದಾಳೆ," ಎಂದಳು ಗಿಳಿ, ಇದೊಂದು ಸಲ ಯಾರ ದನಿಯಲ್ಲೂ ಅಲ್ಲದೆ. "ಯಾವುದನ್ನ ತೋರಿಸ್ಲಿ?"

ಮೊದಲು ಕಿಸಕ್ಕೆಂದದ್ದು ಸಂಪಾದಕಿ. "ನಮ್ಮನ್ನ ಹೆದರಿಸೋಕೆ ಹೋಗಿ ಇವಳೇ ಕಳೆದುಹೋದಳಲ್ಲೋ!" ಫೋಟೋದವನು ಮೇಜು ಗುದ್ದಿದ. ಇಸ್ತ್ರಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗಿಳಿ. ಉಳಿದವರ ನಗು ನಿಂತು ಅವರು ಒಬ್ಬರ ಮುಖ ಒಬ್ಬರು ನೋಡತೊಡಗಿದ ಮೇಲೂ ನಗುತ್ತಲೇ ಇದ್ದಳು. ಬೆರಳು ಮಾತ್ರ ಒಂದು ಬಿಳಿ ಮುಖದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಮೆಲ್ಲಗೆ ಸರಿಯುತ್ತಿತ್ತು.