ಗಂಡನ ಹೆಸರು ಹೇಳುವ ಆಟ

ಹಾಸನದ ರಸ್ತೆ, ಮುಂದೆ ತೆಂಗಿನಕಾಯಿ ಲಾರಿ, ದಾರಿ ಬಿಡ್ತಾನೇ ಇಲ್ಲ, ಡ್ರೈವರ್ ಚನ್ನಪ್ಪ ಹಾರ್ನ್ ಒತ್ತಿದ್ದೇ ಒತ್ತಿದ್ದು, ಜೀಪಿನ ಹಿಂದಿನ ಸೀಟಲ್ಲಿ ನನ್ನ ಪಕ್ಕ ಕಾಮಾಕ್ಷಮ್ಮ, ಅಳ್ತಾನೂ ಇಲ್ಲ, ಬೈತಾನೂ ಇಲ್ಲ, ಒಂದ್ಸಲ ಬೈದುಬಿಡಬಾರದೇ ಮಹರಾಯ್ತಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಿದ್ದಾಳೆ — ಬೆಳಿಗ್ಗೆಯೂ ಹೀಗೇ ಒತ್ತಿಕೊಂಡಿದ್ದಳು, ಆಗ ನಗು ತಡೆಯೋಕೆ, ಚನ್ನರಾಯಪಟ್ಟಣದ ಸಾಕ್ಷರತಾ ಶಿಬಿರದ ಹಾಲ್‌ಗೆ ಹಾಲೇ ನಗ್ತಿತ್ತು, ಅಕ್ಷರ ಕಲಿಯೋಕೆ ಬಂದು ಬಾಯೇ ಬಿಡದೆ ಗೋಡೆಗೆ ಒರಗಿದ್ದ ಹೆಂಗಸರು, ಅವರ ಸಂಕೋಚ ಬಿಡಿಸೋಕೆ ನಾನೇ ಕಟ್ಟಿದ ಆಟ, ನಾನೇ, ಚೆಂಡು ಯಾರ ಕೈಗೆ ಬಂತೋ ಅವರು ಗಂಡನ ಹೆಸರು ಜೋರಾಗಿ ಹೇಳಬೇಕು, ಆ ಹೆಸರನ್ನೇ ಬೋರ್ಡ್ ಮೇಲೆ ಬರೆದು ಅಕ್ಷರ ಕಲಿಸೋದು, ಎಂಥಾ ಉಪಾಯ ಅಂತ ಬೀಗಿದ್ದೆನಲ್ಲ, ಮೂದೇವಿ. ಏಳಾಕಿಲ್ಲ ಕಣವ್ವ, ಯಜಮಾನ್ರ ಎಸ್ರು ಏಳುದ್ರೆ ಅವ್ರ ಆಯಸ್ಸು ಕಮ್ಮಿ ಆಯ್ತದೆ, ಅಂದರು ಹೆಂಗಸರು. ಅಯ್ಯೋ ಅದೆಲ್ಲ ಸುಳ್ಳಮ್ಮಾ, ಏನೂ ಆಗಲ್ಲ, ನನ್ನ ನೋಡಿ, ಗಿರಿಧರ, ಗಿರಿಧರ, ಗಿರಿಧರ, ಏನಾಯ್ತು ಈಗ? ಚಪ್ಪಾಳೆ. ಪುಟ್ಟಸ್ವಾಮಿ, ಅಂದಳು ಕಾಮಾಕ್ಷಮ್ಮ, ಮದುವೆಯಾದ ಮೇಲೆ ಮೊದಲ ಸಲ, ಅಂದವಳೇ ನಾಚಿ ಕೆಂಪಾದಳು, ನಾನು ಬರೆದೆ, ಪು, ಟ್ಟ — ಊಟಕ್ಕೆ ಕೂತಾಗ ಅವಳ ಊರಿಂದ ಫೋನು, ಪಂಪ್‌ಸೆಟ್ ತಾವ ಬಿದ್ಬುಟ್ಟವ್ರೆ, ಗ್ಯಾನ ಇಲ್ಲ, ಆಸನದ ಆಸ್ಪತ್ರೆಗೆ ಸಾಗಿಸವ್ರೆ. ಆಮೇಲೆ ಒಬ್ಬಳೂ ತುತ್ತೆತ್ತಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು.

ಬಿಪಿ ಇತ್ತೇನೋ, ಬಿಸಿಲಿಗೆ ತಲೆ ಸುತ್ತಿತೇನೋ, ಹೆಸರಿಗೂ ಅದಕ್ಕೂ ಎತ್ತಣ ಸಂಬಂಧ, ಹಾಗಾದ್ರೆ ನನಗ್ಯಾಕೆ ಭಯ ಆಗ್ತಿದೆ, ಗಿರಿ ಇವತ್ತು ಸ್ಕೂಟರಲ್ಲಿ ಹೊಳೆನರಸೀಪುರಕ್ಕೆ ಹೋಗಿದಾನೆ, ಗಿರಿ — ಛೀ, ಬೇಡ, ಹೆಸರು ಬೇಡ, ಅವರು, ನಮ್ಮನೆಯವರು, ಅಮ್ಮ ಜೀವಮಾನವೆಲ್ಲ ಇವರು ಇವರು ಅಂತಲೇ ಸಂಸಾರ ಮಾಡಿದಳು, ರೇಷನ್ ಅಂಗಡೀಲಿ ಅಪ್ಪನ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು, ನಾನು ಕಿಸಿಕಿಸಿ ನಗ್ತಿದ್ದೆ, ಈಗ ನಗು ನೋಡೋಣ. ದೇವರೇ, ಆ ಮನುಷ್ಯ ಬದುಕಲಿ, ಏನಾದರೂ ಹೆಚ್ಚುಕಮ್ಮಿ ಆದರೆ ಈ ಹೆಂಗಸು ತಾನೇ ಕೊಂದೆ ಅಂದ್ಕೊಂಡು ಬದುಕ್ತಾಳೆ, ಸಾಯೋವರೆಗೂ ಅಂದ್ಕೋತಾಳೆ, ಹೇಳಿಸಿದ್ದು ನಾನು.

ಬಂತು ಆಸ್ಪತ್ರೆ, ಫಿನಾಯಿಲ್ ವಾಸನೆ, ಜನವೋ ಜನ, ಕೌಂಟರ್‌ನಲ್ಲಿ ಕನ್ನಡಕದವನು ತಲೆಯೆತ್ತದೆ, ಪೇಷೆಂಟ್ ಹೆಸರು? ಕಾಮಾಕ್ಷಮ್ಮ ತುಟಿ ಕಚ್ಚಿ ನಿಂತಳು. ಪಂಪ್‌ಸೆಟ್ ಹತ್ರ ಬಿದ್ದವರು ಸಾರ್, ಈಗ್ತಾನೆ ಕರ್ಕೊಂಡು ಬಂದಿರೋದು, ಅಂದೆ ನಾನು. ಬಿದ್ದೋರು ಬೇಕಾದಷ್ಟು ಜನ ಅವ್ರೆ ಕಣಮ್ಮ, ಎಸ್ರಿಲ್ದೆ ಯಾವ ವಾರ್ಡಲ್ಲಿ ಉಡುಕ್ಲಿ? ಒಳಗೆ ಬದುಕಿದ್ದಾನೋ ಇಲ್ಲವೋ, ಇವಳನ್ನು ಕೇಳ್ತಿದ್ದಾನೋ ಏನೋ, ಹೆಸರು ನನಗೆ ಗೊತ್ತು, ನನ್ನ ಗಂಡನಲ್ಲವಲ್ಲ, ನಾನು ಹೇಳಬಹುದಲ್ಲ, ಹೇಳೇ, ಏನೂ ಆಗಲ್ಲ, ಹೇಳು, ಪು — ಬಾಯಿ ತೆರೆದೆ, ಅವಳ ಅಂಗೈ, ಬೆವೆತ ಒರಟು ಅಂಗೈ, ಎಲ್ಲಿಂದ ಬಂತೋ, ನನ್ನ ಬಾಯನ್ನು ಮುಚ್ಚಿ ಹಿಡಿದಿದೆ, ಬಿಡ್ತಿಲ್ಲ