ನೂರಾ ಹದಿನೇಳನೇ ಮರ

ಪರಶುರಾಮ್ ‘ಸ್ವಲ್ಪ ನಗ್ರಿ’ ಎನ್ನದೆ ಕ್ಯಾಮೆರಾದ ಬಟನ್ ಒತ್ತಿದವನೇ ಅಲ್ಲ. ಮದುವೆ ಹೆಣ್ಣಿಗೂ ಅದೇ ಮಾತು, ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಬಂದ ಮುದುಕನಿಗೂ ಅದೇ ಮಾತು. ಜಗಳೂರಿನ ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತ, ಚನ್ನಗಿರಿ, ಹೊನ್ನಾಳಿ, ನ್ಯಾಮತಿವರೆಗೂ ಮದುವೆ ಆರ್ಡರ್ ಹಿಡಿದು ಬೈಕಿನಲ್ಲಿ ಅಲೆದವನು. ಒಮ್ಮೆ ಸಾವಿನ ಮನೆಯಲ್ಲಿ ಬಾಯಿ ತಪ್ಪಿ ಅದೇ ಮಾತು ಅಂದು, ಹೆಣದ ತಲೆಯ ಹತ್ತಿರ ಕೂತಿದ್ದವರಿಂದ ಚೆನ್ನಾಗಿ ಬೈಸಿಕೊಂಡಿದ್ದ. ಆಮೇಲೂ ಚಾಳಿ ಹೋಗಲಿಲ್ಲ.

ಈಗ ಅದೇ ಮಾತು ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಒಪ್ಪಿಕೊಂಡ ಕೆಲಸವೇನೋ ಸಲೀಸಾದದ್ದೇ. ಬಿಳಿಚೋಡಿನ ಕಡೆಯ ರಸ್ತೆಯೊಂದನ್ನು ಅಗಲ ಮಾಡುವ ಗುತ್ತಿಗೆ ಹಿಡಿದ ಕಂಪನಿ, ಕಡಿಯಬೇಕಾದ ಇನ್ನೂರ ಹನ್ನೆರಡು ಮರಗಳ ಬುಡಕ್ಕೆ ನಂಬರ್ ಬಳಿಸಿತ್ತು. ಒಂದೊಂದರದ್ದೂ ಫೋಟೋ ತೆಗೆದು ಆಲ್ಬಮ್ ಮಾಡಿಕೊಡಬೇಕು. ಕಂಪನಿಯ ಸೂಪರ್‌ವೈಸರ್ ರಮೇಶ್ ಹಾಕಿದ ಷರತ್ತು ಒಂದೇ: ಮರದ ಗಾತ್ರ ಗೊತ್ತಾಗುವಂತೆ ಪಕ್ಕದಲ್ಲಿ ಯಾರಾದರೂ ನಂಬರಿನ ಸ್ಲೇಟು ಹಿಡಿದು ನಿಂತಿರಬೇಕು. ಮರಗಳ ಮದುವೆ ಫೋಟೋ ಅಂದುಕೊಂಡರಾಯಿತು ಎಂದು ಪರಶುರಾಮ್ ಹೆಂಡತಿ ಸಂಧ್ಯಾರಾಣಿಯ ಹತ್ತಿರ ತಮಾಷೆ ಮಾಡಿ ಹೊರಟಿದ್ದ. ಹೋದ ವರ್ಷ ಸವಳಂಗದ ಕಡೆ ಇಂಥದ್ದೇ ಕೆಲಸ ಮಾಡಿದ್ದರಿಂದ ಹೊಸತೇನೂ ಆಗಿರಲಿಲ್ಲ.

ಮೊದಲ ದಿನ ನಿಲ್ಲಲು ಯಾರೂ ಸಿಗಲಿಲ್ಲ. ಬೈಕನ್ನೇ ಮರದ ಪಕ್ಕ ನಿಲ್ಲಿಸಿ ಅದರ ಸೀಟಿಗೆ ಸ್ಲೇಟು ಒರಗಿಸಿ ಕೆಲಸ ತೂಗಿಸಿದ. ಎರಡನೇ ದಿನ ರಸ್ತೆ ಪಕ್ಕದ ಒಂದು ಹಟ್ಟಿ ಬಂತು. ಅಲ್ಲಿಯ ಜನ ಸ್ಲೇಟು ನೋಡಿದ್ದೇ ತಡ, ತಾವಾಗಿಯೇ ಬಂದು ಸುತ್ತುವರಿದರು. ಹಟ್ಟಿಯಲ್ಲಿ ಮುಕ್ಕಾಲುಪಾಲು ಮನೆಗಳು ಸರ್ಕಾರದ ಯೋಜನೆಯಲ್ಲಿ ಕಟ್ಟಿದವು. ಪಾಯ ಹಾಕಿದಾಗ ಒಮ್ಮೆ, ಗೋಡೆ ಎದ್ದಾಗ ಒಮ್ಮೆ, ತಾರಸಿ ಮುಗಿದಾಗ ಒಮ್ಮೆ ಪಂಚಾಯ್ತಿಯವರು ಬಂದು ಮನೆಯವರ ಕೈಗೆ ಸ್ಲೇಟು ಕೊಟ್ಟು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಫೋಟೋ ಆಯಿತೆಂದರೆ ಮಂಜೂರಾಯಿತು ಎಂದೇ ಲೆಕ್ಕ. ಸ್ಲೇಟು ಹಿಡಿದು ನಿಂತದ್ದು ಇವತ್ತಿನವರೆಗೆ ಅವರ ಕೈತಪ್ಪಿ ಹೋದದ್ದಿಲ್ಲ.

ನೂರಾ ಹದಿನೇಳನೇ ನಂಬರಿನದು ಗೋಣಿ ಮರ. ಇಬ್ಬರು ಕೈ ಹಿಡಿದು ತಬ್ಬಿದರೂ ಸಾಲದ ಬುಡ. ಕೊಂಬೆಗಳಲ್ಲಿ ಒಣಹುಲ್ಲಿನ ಗಂಟುಗಳು ಜೋತಾಡುತ್ತಿದ್ದವು. ಎಮ್ಮೆ ಈದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಗೀರಿದರೆ ಹಾಲು ಸುರಿಸುವ ಇಂಥ ಮರಕ್ಕೆ ಕಟ್ಟಿದರೆ ಎಮ್ಮೆ ಚೆನ್ನಾಗಿ ಹಾಲು ಕರೆಯುತ್ತದೆ ಎಂಬುದು ಆ ಕಡೆಯ ನಂಬಿಕೆ. ಅಲ್ಲಿಗೆ ಬಂದು ನಿಂತವಳು ದುರುಗಕ್ಕ. ವಯಸ್ಸು ಅರವತ್ತು ದಾಟಿತ್ತು. ‘ಒಂದ್ ಚಣ ನಿಂದ್ರು ತಮ್ಮಾ’ ಎಂದವಳು ಮನೆಗೆ ಹೋಗಿ, ಪೆಟ್ಟಿಗೆಯಲ್ಲಿಟ್ಟ ಹಸಿರು ಸೀರೆ ಉಟ್ಟು ಬಂದಿದ್ದಳು. ಮರಕ್ಕೂ ಕುಂಕುಮ ಹಚ್ಚಿದಳು.

ಸ್ಲೇಟು ಹಿಡಿದು ನಿಂತವಳೇ ಕೇಳಿದಳು: “ತಮ್ಮಾ, ಇನ್ನು ಈ ಮರಕ್ಕೆ ಯಾರೂ ಕೈ ಹಚ್ಚಾಕಿಲ್ಲ ಹೌದಿಲ್ಲೋ? ಫೋಟೋ ಆದ್ಮ್ಯಾಲೆ ನಮ್ಮದಾದಂಗೆ ಅಲ್ಲೇನು?”

ಪರಶುರಾಮನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಗೊತ್ತಿತ್ತು. ಆದರೆ ಬಿಸಿಲು ಇಳಿಯುತ್ತಿತ್ತು, ಆ ದಿನದ ಪಾಲಿನಲ್ಲೇ ಇನ್ನೂ ಇಪ್ಪತ್ತು ಮರ ಉಳಿದಿದ್ದವು, ವಿಷಯ ಬಿಡಿಸಿ ಹೇಳಿದರೆ ಗಲಾಟೆಯಾಗಿ ಅವತ್ತಿನ ಕೆಲಸ ಕೆಡುತ್ತಿತ್ತು.

“ಸ್ವಲ್ಪ ನಗ್ರಿ ದುರುಗಕ್ಕಾ,” ಅಂದ.

ಅವಳು ನಕ್ಕಳು. ಎಂಥ ನಗು ಅಂದರೆ, ಇಪ್ಪತ್ತು ವರ್ಷದಲ್ಲಿ ಅವನ ಕ್ಯಾಮೆರಾಕ್ಕೆ ಅಂಥದ್ದು ನಾಲ್ಕೋ ಐದೋ ಸಿಕ್ಕಿರಬೇಕು.

ಗುರುವಾರ ಸಂಜೆ ರಮೇಶ್ ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ಫೋಟೋಗಳನ್ನು ನೋಡಿ ಖುಷಿಯಾಗಿ ಕುರ್ಚಿ ಎಳೆದುಕೊಂಡ.

“ಜನ ನಿಂತಿದ್ದು ಬಾಳ ಚಲೋ ಆತು ನೋಡ್ರಿ. ಎಲ್ಲರೂ ನಗಾಕತ್ಯಾರೆ. ನಾಳೆ ಸಂಜೆ ಐದಕ್ಕೆ ತಕರಾರು ಕೊಡಾಕೆ ಕಡೇ ಟೈಮು, ಅಷ್ಟರೊಳಗೆ ಆಲ್ಬಮ್ ಫಾರೆಸ್ಟ್ ಆಫೀಸಿಗೆ ಮುಟ್ಟಬೇಕು. ಒಂದೊಂದು ಫೋಟೋದ ಕೆಳಗೆ ಒಂದು ಸಾಲು ಹಾಕಿಬಿಡ್ರಿ: ಗ್ರಾಮಸ್ಥರ ಸಮ್ಮುಖದಲ್ಲಿ, ಆಕ್ಷೇಪಣೆ ಇಲ್ಲ.”

“ಅವ್ರನ್ನ ನಾನು ಕೇಳಿಲ್ಲಲ್ರೀ,” ಅಂದ ಪರಶುರಾಮ್.

“ಕೇಳೋದೇನೈತೆ? ನಕ್ಕಾರಲ್ಲ.”

ರಮೇಶ್ ಕೆಟ್ಟವನೇನಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ದಾಟಿಸಿ, ಚಹಾ ಕುಡಿದು ಎದ್ದು ಹೋದ.

ಪರಶುರಾಮ್ ಕಂಪ್ಯೂಟರಿನ ಮುಂದೆ ಕೂತ. ಒಂದರಿಂದ ನೂರಾ ಹದಿನಾರರವರೆಗೆ, ಬರೀ ಬೈಕು ನಿಂತಿದ್ದ ಫೋಟೋಗಳಿಗೂ, ಅದೇ ಸಾಲನ್ನು ಅಂಟಿಸುತ್ತ ಹೋದ, ಕೈ ಎಲ್ಲೂ ತಡೆಯಲಿಲ್ಲ. ನೂರಾ ಹದಿನೇಳು ಬಂತು. ಹಸಿರು ಸೀರೆ, ಕುಂಕುಮ, ಆ ನಗು. ‘ಆಕ್ಷೇಪಣೆ ಇಲ್ಲ’ ಎಂಬುದನ್ನು ಅಂಟಿಸಿ ನೋಡಿದ. ಅಳಿಸಿದ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಅಂಟಿಸಿದ. ಆ ಸಾಲು ಅವಳ ಬಾಯಿಂದಲೇ ಬಂದಂತೆ ಕಾಣುತ್ತಿತ್ತು, ಮೋಸವೆಂದರೆ ಇದೇ ಅನ್ನಿಸಿ ಮತ್ತೆ ಅಳಿಸಿದ.

ಅವಳದ್ದೊಂದನ್ನು ಬಿಟ್ಟು ಮುಂದೆ ಹೋದರಾಯಿತು ಎಂದು ನೂರಾ ಹದಿನೆಂಟಕ್ಕೆ ಹೋದ. ಅಲ್ಲಿ ಹುಣಸೆ ಮರದಡಿ ಅವಳ ಓರಗೆಯವಳು ಸಿದ್ದಲಿಂಗಮ್ಮ ನಗುತ್ತಿದ್ದಳು. ಅದರಾಚೆ ಬೇವು, ಅದರಡಿ ಮತ್ತೊಬ್ಬರು. ಸವಳಂಗದ ಕಡೆಯ ಮರಗಳು ನೆನಪಿಗೆ ಬಂದವು. ಹೋದ ತಿಂಗಳು ಅಲ್ಲೊಂದು ಮದುವೆಗೆ ಹೋದಾಗ, ಗಂಡು ಹೆಣ್ಣನ್ನು ಮರದ ಕೆಳಗೆ ನಿಲ್ಲಿಸೋಣ ಎಂದು ಕರೆದುಕೊಂಡು ಹೋಗಿ, ಮರಗಳೇ ಇಲ್ಲದೆ ಬಿಸಿಲಿನಲ್ಲಿ ಪೆಚ್ಚಾಗಿ ವಾಪಸು ಬಂದಿದ್ದ. ಆ ಮರಗಳ ಪಕ್ಕ ಯಾರು ನಿಂತಿದ್ದರು, ಏನು ಕೇಳಿದ್ದರು ಎಂಬುದು ಈಗ ನೆನಪಿಗೇ ಬರಲಿಲ್ಲ. ಅದಂತೂ ಇನ್ನೂ ಕೆಟ್ಟದೆನಿಸಿತು.

“ಏನಾಗೈತೆ ನಿಮ್ಗೆ? ಬೆಳಗ್ಗಿಂದ ನಾಕು ಸಲ ಗಾಡಿ ಒರೆಸಿದ್ರಿ,” ಎಂದು ಸಂಧ್ಯಾರಾಣಿ ಮರುದಿನ ತಿಂಡಿ ಹೊತ್ತಿಗೆ ಕೇಳಿದಳು. ಅವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ.

ದಾರಿಯುದ್ದಕ್ಕೂ ಮಾತು ಹೊಂದಿಸುತ್ತ ಹೋದ. ಕಂಪನಿಯದ್ದೇ ತಪ್ಪು ಎನ್ನಬಹುದಿತ್ತು. ತನಗೂ ನಿನ್ನೆಯೇ ತಿಳಿಯಿತು ಎಂದರೂ ನಡೆಯುತ್ತಿತ್ತು. ಹೊಂದಿಸಿದ ಒಂದೊಂದು ಮಾತೂ ಮುಂದಿನ ಮೈಲಿಗಲ್ಲು ಬರುವುದರೊಳಗೆ ಸುಳ್ಳಾಗಿ ಕೇಳುತ್ತಿತ್ತು. ಎರಡು ಸಲ ಗಾಡಿ ನಿಲ್ಲಿಸಿ ವಾಪಸು ತಿರುಗಿಸಿದ, ಎರಡು ಸಲವೂ ಮತ್ತೆ ಮುಂದಕ್ಕೆ ತಿರುಗಿಸಿದ.

ದುರುಗಕ್ಕ ಮರದ ಕೆಳಗೇ ಇದ್ದಳು. ಸೊಸೆ ಜ್ಯೋತಿಲಕ್ಷ್ಮಿ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

“ಬಾ ತಮ್ಮಾ, ಎರಡನೇ ಫೋಟೋಕ್ಕೆ ಬಂದ್ಯೇನು? ಇವತ್ತು ಅಂತ ಗೊತ್ತಿದ್ರೆ ಆ ಸೀರೇನೆ ಉಡ್ತಿದ್ದೆ.” ಮನೆಗಾದರೆ ಮೂರು ಸಲ ಬಂದಿದ್ದರಲ್ಲ, ಮರಕ್ಕೂ ಹಾಗೇ ಎಂದು ತಿಳಿದಿದ್ದಳು.

ಪರಶುರಾಮನ ಮಾತೆಲ್ಲ ಅಲ್ಲೇ ಉದುರಿ ಹೋಯಿತು. ನಿಂತೇ ಹೇಳಿದ. ನಂಬರ್ ಬಳಿದಿರುವುದು ಕಡಿಯುವ ಮರಕ್ಕೆ. ಫೋಟೋ ತೆಗೆದದ್ದೂ ಅದಕ್ಕೇ. ಅವಳು ನಕ್ಕದ್ದನ್ನು ಒಪ್ಪಿಗೆ ಎಂದು ಬರೆಯಲು ಹೇಳಿದ್ದಾರೆ.

ಜ್ಯೋತಿಲಕ್ಷ್ಮಿಯ ಕೈ ನಿಂತಿತು. ದುರುಗಕ್ಕ ಮಾತ್ರ ಮಡಿಲಿನ ಶೇಂಗಾ ಸಿಪ್ಪೆಯನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು.

“ಅವತ್ತು ನಾ ಕೇಳಿದ್ದು ನಿನ್ನ ಕಿವಿಗೆ ಬಿದ್ದಿತ್ತಾ?”

“ಬಿದ್ದಿತ್ತಕ್ಕಾ.”

“ಗೊತ್ತಿದ್ದೂ ನಗು ಅಂದೆ.”

“ಹ್ಞೂ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನನ್ನ ಚೊಚ್ಚಲು ಹುಟ್ಟಿದಾಗ ಎದೆಯಾಗೆ ಹಾಲೇ ಬರಲಿಲ್ಲ,” ಎಂದಳು, ಅವನಿಗೋ ಸೊಸೆಗೋ. “ಕೂಸು ಅತ್ತು ಅತ್ತು ದನಿ ಬತ್ತಿ ಹೋತು. ನಮ್ಮತ್ತಿ ಎಮ್ಮೆಗೆ ಕಟ್ಟಿದಂಗೆ ನನ್ನ ಹೆಸರಲ್ಲೂ ಇಲ್ಲಿ ಒಂದು ಗಂಟು ಕಟ್ಟಿ, ಒಂಬತ್ತು ದಿನ ಈ ಬುಡದಾಗೆ ಕೂಡಿಸಿದಳು. ಊರಾಗಿನವ್ರು ನಕ್ಕರು. ಹಾಲು ಬಂತು. ಮರ ಕೊಡ್ತೋ, ಒಂಬತ್ತು ದಿನ ಯಾರೂ ಕೆಲಸ ಹೇಳದಂಗೆ ನೆರಳಾಗೆ ಕುಂತಿದ್ದಕ್ಕೆ ಬಂತೋ, ಅದನ್ನ ಕಟ್ಕೊಂಡು ನನಗೇನಾಗಬೇಕು? ಕೂಸು ಉಳೀತು. ಇವಳ ಗಂಡನೇ ಆ ಕೂಸು.”

ಜ್ಯೋತಿಲಕ್ಷ್ಮಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಈ ಮಾತು ಅವಳೂ ಕೇಳಿರಲಿಲ್ಲ.

ಪರಶುರಾಮ್ ಬೈಕಿನಿಂದ ಸ್ಲೇಟು ತಂದ. “ಇವತ್ತು ಸಂಜೆ ಐದು ಗಂಟೆ ತನಕ ತಕರಾರು ತಗೊಂತಾರಕ್ಕಾ. ಆ ಆಲ್ಬಮ್ ನಾ ಕೊಡಾಕಿಲ್ಲ. ಇನ್ನೊಂದು ಫೋಟೋ ತೆಗೀತೀನಿ, ತಕರಾರು ಅರ್ಜಿ ಬರೀತೀನಿ, ನೀವು ಅದಕ್ಕೆ ಹೆಬ್ಬೆಟ್ಟು ಒತ್ರಿ, ಎರಡನ್ನೂ ನಾನೇ ಮುಟ್ಟಿಸ್ತೀನಿ. ಮರ ಉಳೀತೈತಿ ಅಂತ ಹೇಳಾಕೆ ನನ್ನ ಕೈಲಿ ಆಗಲ್ಲ. ಕೇಳಂತೂ ಕೇಳಬೇಕಾಗ್ತೈತೆ ಅವ್ರು.” ನಂಬರಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ಆಕ್ಷೇಪಣೆ ಇದೆ’ ಎಂದು ಬರೆದು ಅವಳ ಕಡೆ ಚಾಚಿದ.

ದುರುಗಕ್ಕ ಸ್ಲೇಟು ತೆಗೆದುಕೊಂಡು ಅಕ್ಷರಗಳ ಮೇಲೆ ಕಣ್ಣಾಡಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಏನು ಬರೆದೈತೆ?”

ಪರಶುರಾಮ್ ಬಾಯಿ ತೆರೆದ.

“ನೀನಲ್ಲ,” ಎಂದಳು. “ಜ್ಯೋತೀ, ನೀ ಓದು.”

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಜ್ಯೋತಿಲಕ್ಷ್ಮಿ ಬೆರಳಿಟ್ಟು ಓದಿದಳು, ಅತ್ತೆ ಕೇಳಿದಾಗ ಇನ್ನೊಮ್ಮೆ ಓದಿದಳು. ದುರುಗಕ್ಕ ತಲೆಯಾಡಿಸಿ, ಸಿದ್ದಲಿಂಗಮ್ಮನನ್ನೂ ಸ್ಲೇಟು ಹಿಡಿದು ನಿಂತಿದ್ದ ಮಿಕ್ಕವರನ್ನೂ ಕರೆದುಕೊಂಡು ಬಾ ಎಂದು ಅವಳನ್ನು ಓಡಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಒಂದು ಕೈಯನ್ನು ಮರದ ಬುಡಕ್ಕೆ ಊರಿ ನಿಂತಳು.

ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ರಮೇಶನೇ ಇರಬೇಕು. ಪರಶುರಾಮ್ ಕ್ಯಾಮೆರಾ ಕಣ್ಣಿಗೆ ಹಿಡಿದ. ಇಪ್ಪತ್ತು ವರ್ಷದ ಚಾಳಿ, ಮಾತು ತುಟಿಯವರೆಗೆ ಬಂತು. ಅವಳು ಅದನ್ನೇ ಕಾಯುತ್ತಿರುವವಳ ಹಾಗೆ ಅವನನ್ನು ನೋಡಿದಳು. ಅವನು ಏನೂ ಹೇಳದೆ ಬಟನ್ ಒತ್ತಿದ.

“ತೋರಿಸು,” ಎಂದಳು. ಮೊದಲ ಸಲ ಅವಳು ತೋರಿಸು ಅಂದಿರಲಿಲ್ಲ, ನಂಬಿದ್ದಳು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಗೆ ಬಿಸಿಲು ಬೀಳದಂತೆ ಕೈ ಮರೆ ಮಾಡಿ ಬಹಳ ಹೊತ್ತು ನೋಡಿದಳು.

“ಇದರಾಗೆ ಮುದುಕಿ ಹಂಗೆ ಕಾಣ್ತೀನಿ,” ಎಂದಳು. “ಇರಲಿ. ಇದನ್ನೇ ಕೊಡು.”